ಔಷಧಗಳ ಸಹಪ್ರಯಾಣ

ಮುಷ್ಟಿಯೊಳಗೆ ಹಿಡಿಯಬಹುದಾದ ಗಾಜಿನ ಕುಪ್ಪಿ. ಅದರ ತಳದಲ್ಲಿ ನೇರಳೆ ಬಣ್ಣದ ಒಣ ಹೆಂಟೆಯೊಂದು. ಅದಕ್ಕೆ 19 ಮಿಲಿಲೀಟರ್ ಶುದ್ಧಜಲವನ್ನು ಸಿರಿಂಜಿನಿಂದ ಸೇರಿಸಿದೊಡನೆಯೇ ಗಡಿಯಾರವನ್ನು ನೋಡಿಕೊಂಡು, 5 ನಿಮಿಷಗಳ ಕಾಲ ಕುಪ್ಪಿಯನ್ನು ಮೆಲ್ಲನೆ ಸುತ್ತು ಆಡಿಸುತ್ತ, ಅರ್ಧ ನಿಮಿಷಕ್ಕೊಮ್ಮೆ ತಲೆಕೆಳಗು ಮಾಡುತ್ತ ಇರಬೇಕು. ಜೋರಾಗಿ ಕುಲುಕಕೂಡದು, ಕಾಯಿಸಕೂಡದು. ಆಮೇಲೆ 15 ನಿಮಿಷ ಅದನ್ನು ಅದರ ಪಾಡಿಗೆ ಬಿಡಬೇಕು. ಎಳೆಗೂಸನ್ನು ತೂಗುವಾಗಿನಂಥ ಈ ಎಚ್ಚರಿಕೆ ಏತಕ್ಕೆಂದರೆ, ಆ ನೇರಳೆ ದ್ರವದಲ್ಲಿ ಇರುವುದು ನೀರಿನಲ್ಲಿ ಕರಗಿದ ಔಷಧವಲ್ಲ, ಕೊಬ್ಬಿನ ಪೊರೆಯಿಂದ ಕಟ್ಟಿದ ಅತಿಸೂಕ್ಷ್ಮವಾದ ಗುಳ್ಳೆಗಳು. ಒಂದೊಂದರ ಅಡ್ಡಳತೆ ಸುಮಾರು 100 ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಸಾವಿರ ಪಾಲುಗಳಲ್ಲಿ ಒಂದು ಪಾಲು. ಅವುಗಳ ಒಡಲಲ್ಲಿ ಎರಡು ಬೇರೆಬೇರೆ ಔಷಧಗಳು, ಒಂದರ 5 ಅಣುಗಳಿಗೆ ಮತ್ತೊಂದರ 1 ಅಣುವಿನ ಪ್ರಮಾಣದಲ್ಲಿ, ಜೊತೆಯಾಗಿ ಕುಳಿತಿರುತ್ತವೆ. ವಿಕ್ಸಿಯೋಸ್ ಎಂಬ ಹೆಸರಿನ ಈ ಮದ್ದಿಗೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ದೊರೆಯಿತು. ಅರ್ಬುದ ಚಿಕಿತ್ಸೆಯಲ್ಲಿ ಹಲವು ಔಷಧಗಳನ್ನು ಒಂದೇ ನ್ಯಾನೊಕಣದಲ್ಲಿ ಕೂಡಿಸಿ, ರೋಗವಿರುವ ಸ್ಥಳದ ಲಕ್ಷಣವನ್ನರಿತು ಅಲ್ಲಿಯೇ ಬಿಚ್ಚಿಕೊಳ್ಳುವಂತೆ ಮಾಡುವ ಪ್ರಯತ್ನವು ಎಷ್ಟು ದೂರ ನಡೆದಿದೆ, ಎಲ್ಲಿ ಎಡವಿದೆ ಎಂಬುದನ್ನು ವಿಚಾರಿಸುವವರು ಈ ಕುಪ್ಪಿಯಿಂದ ಆರಂಭಿಸುವುದು ಉಚಿತವೆಂದು ನನ್ನ ಭಾವನೆ.

ಈ ರೋಗಕ್ಕೆ ಒಂದೇ ಮದ್ದು ಸಾಲದೆಂಬ ತಿಳಿವು ವೈದ್ಯಲೋಕಕ್ಕೆ ಬಂದುದು ಕಹಿಯಾದ ಅನುಭವದಿಂದ. ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರು ರಕ್ತದ ಅರ್ಬುದದಿಂದ ನರಳುತ್ತಿದ್ದ ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧವನ್ನು ಕೊಟ್ಟು, ಅದರ ಫಲವನ್ನು 1948ರಲ್ಲಿ ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದುದು ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಬಾಳು ಸವೆಸಿದ ಯೆಲ್ಲಾಪ್ರಗಡ ಸುಬ್ಬಾರಾವ್ ಅವರ ತಂಡವೆಂಬುದನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾಗದು. ಸಾವಿನಂಚಿನಲ್ಲಿದ್ದ ಕೆಲವು ಮಕ್ಕಳು ಚೇತರಿಸಿಕೊಂಡರು. ಆದರೆ ತಿಂಗಳುಗಳು ಕಳೆಯುವಷ್ಟರಲ್ಲಿ ರೋಗವು ಮರುಕಳಿಸಿತು. ಕ್ಷಯರೋಗದಲ್ಲಿಯೂ ಇದೇ ಕಾಲಕ್ಕೆ ಇಂಥದೇ ಕಥೆ: ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ಕ್ರಿಮಿಗಳು ಬೇಗನೆ ಅದಕ್ಕೆ ಒಗ್ಗಿಕೊಳ್ಳುತ್ತಿದ್ದುವು, ಇನ್ನೊಂದು ಔಷಧವನ್ನು ಜೊತೆಗಿತ್ತಾಗ ಒಗ್ಗುವುದು ದುಸ್ತರವಾಯಿತು. ಇದರ ಹಿಂದಿನ ಲೆಕ್ಕ ಸರಳವಾದುದು. ಹತ್ತು ಲಕ್ಷ ಜೀವಕೋಶಗಳಲ್ಲಿ ಒಂದು ಮೊದಲನೆಯ ಔಷಧವನ್ನು ತಡೆದುಕೊಳ್ಳುವ ಶಕ್ತಿಯುಳ್ಳದ್ದೆಂದೂ, ಎರಡನೆಯ ಔಷಧಕ್ಕೂ ಅಷ್ಟೇ ಪ್ರಮಾಣವೆಂದೂ ಭಾವಿಸಿದರೆ, ಎರಡನ್ನೂ ಒಟ್ಟಿಗೆ ತಡೆಯಬಲ್ಲ ಕೋಶವು ಲಕ್ಷ ಕೋಟಿಗೆ ಒಂದು. ಒಂದು ಸೆಂಟಿಮೀಟರ್ ಗಾತ್ರದ ಗೆಡ್ಡೆಯಲ್ಲಿ ನೂರು ಕೋಟಿ ಕೋಶಗಳಿರುವುವೆಂದು ಎಣಿಸುವುದು ವಾಡಿಕೆಯಾದುದರಿಂದ, ಒಂದೇ ಮದ್ದಿನಿಂದ ಹೊಡೆದಾಗ ಸಾವಿರದಷ್ಟು ಕೋಶಗಳು ಉಳಿದುಕೊಳ್ಳುವ ಕಡೆ, ಎರಡರಿಂದ ಹೊಡೆದರೆ ಒಂದೂ ಉಳಿಯದಿರುವ ಸಂಭವವುಂಟು.

1960ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ವೈದ್ಯರು ಈ ತರ್ಕವನ್ನು ನೆಚ್ಚಿ, ನಾಲ್ಕು ಔಷಧಗಳನ್ನು ಒಂದುಗೂಡಿಸಿ ಮಕ್ಕಳಿಗೆ ಕೊಡುವ ಸಾಹಸಕ್ಕೆ ಕೈಹಾಕಿದರು. ಆ ನಾಲ್ಕರಲ್ಲಿ ಒಂದಾದ ವಿನ್‌ಕ್ರಿಸ್ಟೀನ್, ನಮ್ಮ ಮನೆಯಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ, ಎಂದರೆ ಕಾಶಿಕಣಗಿಲೆಯ ಗಿಡದಿಂದ ಬಂದುದು. ಮಕ್ಕಳ ರಕ್ತಕ್ಯಾನ್ಸರ್ ಇಂದು ಬಹುಮಟ್ಟಿಗೆ ಗುಣವಾಗುವ ರೋಗವೆನಿಸಿರುವುದಕ್ಕೆ ಈ ಸಂಯೋಗಮಾರ್ಗವೇ ತಳಹದಿ.

ಆದರೆ ಚೀಟಿಯಲ್ಲಿ ಬರೆದ ಮಾತ್ರಕ್ಕೆ ಎರಡು ಔಷಧಗಳು ರೋಗದ ಬಳಿ ಜೊತೆಯಾಗಿ ನಿಲ್ಲುವುದಿಲ್ಲವೆಂಬುದು ಆಮೇಲೆ ಕಂಡುಬಂದ ತೊಡಕು. ರಕ್ತಕ್ಕೆ ಇಳಿದ ಕ್ಷಣದಿಂದಲೇ ಒಂದು ಔಷಧವು ಕೆಲವೇ ಗಂಟೆಗಳಲ್ಲಿ ಶಿಥಿಲವಾಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಇನ್ನೊಂದು ಹೃದಯ, ಯಕೃತ್ತು, ಅಸ್ಥಿಮಜ್ಜೆಗಳಲ್ಲಿ ದಿನಗಟ್ಟಲೆ ನೆಲಸುತ್ತದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಎರಡೂ ಸೇರಿ ಮಾಡಿದ ಕೆಲಸ ದೇಹದೊಳಗೆ ನಡೆಯಲಾರದು, ಏಕೆಂದರೆ ಅಲ್ಲಿ ಅವು ಆ ಪ್ರಮಾಣದಲ್ಲಿ ಒಮ್ಮೆಯೂ ಕಲೆತಿರುವುದೇ ಇಲ್ಲ. ಪ್ರಮಾಣವೆಂಬುದು ಇಲ್ಲಿ ಸಣ್ಣ ಮಾತಲ್ಲ. ಟಿಂಗ್-ಚಾವೋ ಚೌ ಮತ್ತು ಪಾಲ್ ಟಲಾಲೆ ಎಂಬ ವಿಜ್ಞಾನಿಗಳು 1984ರಲ್ಲಿ ಮುಂದಿಟ್ಟ ಗಣಿತರೀತಿಯಿಂದ ಅಳೆದು ನೋಡಿದಾಗ, ಅದೇ ಎರಡು ಔಷಧಗಳು ಒಂದು ಪ್ರಮಾಣದಲ್ಲಿ ಪರಸ್ಪರ ಪೋಷಕವಾಗಿಯೂ, ಬೇರೊಂದು ಪ್ರಮಾಣದಲ್ಲಿ ಪರಸ್ಪರ ವಿರೋಧಿಯಾಗಿಯೂ ವರ್ತಿಸಬಲ್ಲುವೆಂಬುದು ಸ್ಪಷ್ಟವಾಯಿತು. ಕಷಾಯಕ್ಕೆ ಬೇರುನಾರುಗಳನ್ನು ತೂಗಿ ಹಾಕುತ್ತಿದ್ದ ನಮ್ಮ ಪಂಡಿತರಿಗೆ ಈ ತತ್ತ್ವವು ಅಪರಿಚಿತವೆನಿಸುತ್ತಿರಲಿಲ್ಲ; ಆದರೆ ತೂಗಿದ ತೂಕವನ್ನು ರಕ್ತದ ಹರಿವಿನಲ್ಲಿಯೂ ಕೆಡದಂತೆ ಕಾಯುವುದು ಹೇಗೆಂಬುದೇ ಹೊಸ ಪ್ರಶ್ನೆ.

ಮೊದಲು ಹೇಳಿದ ನೇರಳೆ ಮದ್ದು ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಅತ್ಯಂತ ಖಚಿತವಾದುದು. ಅದರಲ್ಲಿರುವ ಸೈಟರಬೀನ್, ಡೌನೊರುಬಿಸಿನ್‌ಗಳೆರಡೂ ಹಳೆಯ ಔಷಧಗಳು. ಮೊದಲನೆಯದನ್ನು 7 ದಿನ, ಎರಡನೆಯದನ್ನು 3 ದಿನ ಕೊಡುವ ಪದ್ಧತಿಯು 1973ರಿಂದಲೂ ಬಳಕೆಯಲ್ಲಿದೆ. ಕೆನಡಾದ ವ್ಯಾಂಕೂವರಿನ ಲಾರೆನ್ಸ್ ಮೇಯರ್ ಮತ್ತು ಸಂಗಡಿಗರು ಇವುಗಳನ್ನು ನಾನಾ ಪ್ರಮಾಣಗಳಲ್ಲಿ ಬೆರೆಸಿ ಪರೀಕ್ಷಿಸಿ, 5ಕ್ಕೆ 1ರ ಪ್ರಮಾಣವನ್ನು ಆರಿಸಿ, ಅದನ್ನು ಲೈಪೊಸೋಮ್ ಗುಳ್ಳೆಯಲ್ಲಿ ಮುಚ್ಚಿಟ್ಟರು. ಡ್ರಿಪ್ಪಿನಲ್ಲಿ ಕೊಟ್ಟು ಒಂದು ದಿನ ಕಳೆದ ಬಳಿಕವೂ ರಕ್ತದಲ್ಲಿ ಆ ಪ್ರಮಾಣವು ನಿಂತಿತ್ತು. ಗುಳ್ಳೆಯೊಳಗೆ ಡೌನೊರುಬಿಸಿನ್ ಅನ್ನು ಹಿಡಿದಿಡಲು ಸೇರಿಸಿದ ತಾಮ್ರದ ಲವಣದಿಂದಲೇ ಆ ನೇರಳೆ ಬಣ್ಣ. 60ರಿಂದ 75 ವಯಸ್ಸಿನ, ತೀವ್ರವಾದ ಮೈಲಾಯ್ಡ್ ರಕ್ತಕ್ಯಾನ್ಸರಿನ ಕಠಿಣ ಪ್ರಭೇದಗಳಿಗೆ ತುತ್ತಾದ 309 ರೋಗಿಗಳಲ್ಲಿ ಇದನ್ನು ಹಳೆಯ ಪದ್ಧತಿಯೊಡನೆ ಹೋಲಿಸಿ ನೋಡಿದಾಗ, ಮಧ್ಯಮ ಆಯುರ್ಮಾನವು ಹಳೆಯದರಲ್ಲಿ 5.95 ತಿಂಗಳೂ ಹೊಸದರಲ್ಲಿ 9.56 ತಿಂಗಳೂ ಆಯಿತು. ಐದು ವರ್ಷಗಳ ತರುವಾಯ ಬದುಕಿದ್ದವರು ನೂರಕ್ಕೆ 8ರ ಬದಲು 18. ಮೂರೂವರೆ ತಿಂಗಳೆಂದರೆ ಏನು ಮಹಾ ಎನ್ನುವವರು, ಒಂದು ಮನೆಯ ಹಿರಿಯರು ಮೊಮ್ಮಗಳ ಮದುವೆಯನ್ನು ಕಣ್ಣಾರೆ ಕಂಡು ಹೋಗುವುದಕ್ಕೂ ಕಾಣದೆ ಹೋಗುವುದಕ್ಕೂ ಅಷ್ಟೇ ಅಂತರ ಸಾಕೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇಲ್ಲಿ ಹೊಸ ಅಣುವೊಂದೂ ಸೃಷ್ಟಿಯಾಗಲಿಲ್ಲ; ಹಳೆಯ ಎರಡು ಮದ್ದುಗಳು ಜೊತೆ ತಪ್ಪದಂತೆ ನಡೆದುವು, ಅಷ್ಟೆ.

ಹಾಗೆಂದು ಈ ಗುಳ್ಳೆಯನ್ನು ಸ್ಪಂದನಶೀಲವೆನ್ನುವಂತಿಲ್ಲ. ರೋಗದ ಠಾವನ್ನು ತಾನಾಗಿ ಗುರುತಿಸಿ ಬಾಗಿಲು ತೆರೆಯುವ ಕಣವೇ ಈ ಕ್ಷೇತ್ರದ ಬಹುಕಾಲದ ಹಂಬಲ. ಸಂಶೋಧನ ಪತ್ರಿಕೆಗಳ ಪುಟಗಳನ್ನು ಹೆಚ್ಚಾಗಿ ತುಂಬಿರುವುದೂ ಅದೇ. ಗೆಡ್ಡೆಯು ತನ್ನ ಇರವನ್ನು ಹಲವು ಚಿಹ್ನೆಗಳಿಂದ ಬಯಲುಮಾಡುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆಯು ಆರೋಗ್ಯವಂತರ ರಕ್ತದಲ್ಲಿ 7.4 ಆಗಿದ್ದರೆ, ಸಕ್ಕರೆಯನ್ನು ಆತುರಾತುರವಾಗಿ ಹುಳಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಚೆಲ್ಲುವ ಗೆಡ್ಡೆಯ ಸುತ್ತಲಿನ ಪ್ರದೇಶದಲ್ಲಿ ಅದು 6.5ರಿಂದ 7ರ ನಡುವೆ ಇಳಿದಿರುತ್ತದೆ. ಕಣವನ್ನು ಕೋಶವು ನುಂಗಿದ ಮೇಲೆ ಅದು ಸೇರುವ ಒಳಚೀಲಗಳಲ್ಲಿ ಇನ್ನೂ ಇಳಿದು 5ರ ಆಸುಪಾಸಿಗೆ ಬರುತ್ತದೆ. ಗ್ಲುಟಾಥಯೋನ್ ಎಂಬ ಪದಾರ್ಥವು ಕೋಶದ ಹೊರಗಿರುವುದಕ್ಕಿಂತ ಒಳಗೆ ನೂರಾರು ಪಟ್ಟು ಹೆಚ್ಚು. ಸುತ್ತಲಿನ ಊತಕವನ್ನು ಸೀಳಿ ಹಬ್ಬುವುದಕ್ಕೆಂದು ಗೆಡ್ಡೆಯು ಹೊರಬಿಡುವ ಕಿಣ್ವಗಳೂ, ಒಳಭಾಗದ ಪ್ರಾಣವಾಯುವಿನ ಕೊರತೆಯೂ ಇಂಥವೇ ಗುರುತುಗಳು. ಇವಲ್ಲದೆ ವೈದ್ಯನು ಹೊರಗಿನಿಂದ ಕೊಡಬಹುದಾದ ಶಾಖ, ಬೆಳಕು, ಶ್ರವಣಾತೀತ ಧ್ವನಿ, ಕಾಂತಕ್ಷೇತ್ರಗಳೂ ಉಂಟು.

ಈ ಗುರುತುಗಳಿಗೆ ಕಣವು ಓಗೊಡುವ ಬಗೆಯನ್ನು ಹತ್ತಿರದಿಂದ ನೋಡಬೇಕಾದರೆ ಒಂದೇ ರಾಸಾಯನಿಕ ಬಂಧವನ್ನು ಗಮನಿಸಿದರೆ ಸಾಕು. ಎರಡು ಗಂಧಕ ಪರಮಾಣುಗಳು ಕೈಹಿಡಿದು ನಿಂತಿರುವ ಡೈಸಲ್ಫೈಡ್ ಬಂಧವು ರಕ್ತದಲ್ಲಿ ತಕ್ಕಮಟ್ಟಿಗೆ ಗಟ್ಟಿಯಾಗಿರುತ್ತದೆ. ಅದರಿಂದ ಹೊಲಿದ ಕಣವು ಬಿಚ್ಚದೆ ಸಾಗುತ್ತದೆ. ಕೋಶದೊಳಗೆ ಕಾಲಿಟ್ಟಾಗ ಅಲ್ಲಿ ತುಂಬಿರುವ ಗ್ಲುಟಾಥಯೋನ್ ತನ್ನ ಗಂಧಕದಿಂದ ಆ ಜೋಡಿಯ ನಡುವೆ ನುಗ್ಗಿ, ಒಂದು ಕೈಯನ್ನು ಬಿಡಿಸಿ ತಾನು ಹಿಡಿದುಕೊಳ್ಳುತ್ತದೆ; ಎರಡನೆಯ ಅಣು ಬಂದು ಉಳಿದುದನ್ನೂ ಬಿಡಿಸುತ್ತದೆ; ಹೊಲಿಗೆ ಬಿಚ್ಚಿದ ಚೀಲದಂತೆ ಕಣವು ಸಡಿಲಗೊಂಡು ಔಷಧವನ್ನು ಸುರಿಯುತ್ತದೆ. ಹೈಡ್ರಜೋನ್ ಎಂಬ ಇನ್ನೊಂದು ಬಂಧಕ್ಕೆ ಆಮ್ಲವೇ ಕತ್ತರಿ. ಒಂದೇ ಕಣದಲ್ಲಿ ಒಂದು ಔಷಧವನ್ನು ಮೊದಲನೆಯ ಬಂಧದಿಂದಲೂ ಇನ್ನೊಂದನ್ನು ಎರಡನೆಯ ಬಂಧದಿಂದಲೂ ಕಟ್ಟಿದರೆ, ಎರಡೂ ಬೇರೆಬೇರೆ ಗಳಿಗೆಯಲ್ಲಿ ಬಿಡುಗಡೆಯಾಗುವಂತೆ ಮಾಡಬಹುದು.

ಈ ಹಿಂದುಮುಂದಿನ ಕ್ರಮವೂ ಪ್ರಮಾಣದಷ್ಟೇ ಮಹತ್ತ್ವದ್ದು. ಅಮೆರಿಕದ ಎಂಐಟಿಯಲ್ಲಿ ಮೈಕೆಲ್ ಯಾಫೆ ಅವರ ತಂಡವು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸ್ತನಕ್ಯಾನ್ಸರಿನ ಒಂದು ಕಠಿಣ ಪ್ರಭೇದದ ಕೋಶಗಳಿಗೆ ಎರ್ಲೊಟಿನಿಬ್ ಎಂಬ ಮದ್ದನ್ನು ಮೊದಲು ಕೊಟ್ಟು, ಕೆಲವು ಗಂಟೆಗಳ ಅನಂತರ ಡಾಕ್ಸೊರುಬಿಸಿನ್ ಎಂಬುದನ್ನು ಕೊಟ್ಟಾಗ, ಎರಡನ್ನೂ ಏಕಕಾಲದಲ್ಲಿ ಕೊಟ್ಟುದಕ್ಕಿಂತ ಬಹಳ ಹೆಚ್ಚಿನ ಕೋಶಗಳು ಸತ್ತುವು. ಮೊದಲ ಮದ್ದು ಕೋಶದ ಒಳಸಂಕೇತಗಳ ಜಾಲವನ್ನೇ ಬದಲಾಯಿಸಿ, ಎರಡನೆಯದಕ್ಕೆ ಅದನ್ನು ದುರ್ಬಲಗೊಳಿಸಿತ್ತು. ಎರಡು ವರ್ಷಗಳ ಬಳಿಕ ಅದೇ ಸಂಸ್ಥೆಯಲ್ಲಿ ಎರ್ಲೊಟಿನಿಬ್ ಅನ್ನು ಗುಳ್ಳೆಯ ಪೊರೆಯಲ್ಲಿಯೂ ಡಾಕ್ಸೊರುಬಿಸಿನ್ ಅನ್ನು ಗರ್ಭದಲ್ಲಿಯೂ ಇರಿಸಿ, ಹೊರಗಿನದು ಮೊದಲು, ಒಳಗಿನದು ಆಮೇಲೆ ಇಳಿಯುವಂತೆ ಮಾಡಲಾಯಿತು. ಇಲಿಗಳಲ್ಲಿ ಗೆಡ್ಡೆಗಳು ಕುಗ್ಗಿದುವು. ಕೋಶದೊಳಕ್ಕೆ ಬಂದ ಔಷಧವನ್ನು ಹೊರಕ್ಕೆ ದೂಡುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು, 1976ರಲ್ಲಿ ಟೊರೊಂಟೊದಲ್ಲಿ ಜೂಲಿಯಾನೊ ಮತ್ತು ಲಿಂಗ್ ಗುರುತಿಸಿದ್ದು, ಅರ್ಬುದದ ಹಳೆಯ ರಕ್ಷಾಕವಚ. ಅದರ ತಯಾರಿಯನ್ನು ತಡೆಯುವ ಆರ್‌ಎನ್‌ಎ ತುಣುಕನ್ನು ಔಷಧದ ಜೊತೆಗೇ ಒಂದೇ ಕಣದಲ್ಲಿ ಕಳುಹುವ ಯತ್ನಗಳೂ ಈ ವರ್ಗಕ್ಕೇ ಸೇರಿದುವು. ಇವೆಲ್ಲವೂ ಅತ್ಯಂತ ಬುದ್ಧಿವಂತಿಕೆಯ ಕೆಲಸಗಳು. ಆದರೆ ಬಹುಪಾಲು ಇಲಿಯ ಗೂಡನ್ನು ದಾಟಿ ರೋಗಿಯ ಹಾಸಿಗೆಯವರೆಗೆ ಬಂದಿಲ್ಲವೆಂಬ ಮಾತನ್ನು ಮರೆಮಾಚಲಾಗದು.

ದಾಟಿ ಬಂದು ಸೋತ ಕಣವೊಂದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಶಾಖಕ್ಕೆ ಕರಗುವ ಲೈಪೊಸೋಮಿನ ಕಲ್ಪನೆಯು 1978ರಷ್ಟು ಹಿಂದಿನದು. ಮಿಲ್ಟನ್ ಯಾಟ್ವಿನ್ ಮತ್ತು ಸಂಗಡಿಗರು ಅದನ್ನು ಮುಂದಿಟ್ಟರು. ಡ್ಯೂಕ್ ವಿಶ್ವವಿದ್ಯಾನಿಲಯದ ಡೇವಿಡ್ ನೀಡಮ್ ಅವರ ಪ್ರಯತ್ನದಿಂದ, ಸುಮಾರು 40 ಡಿಗ್ರಿ ಸೆಲ್ಸಿಯಸ್ ತಲಪಿದಾಗ ಕೆಲವೇ ಸೆಕೆಂಡುಗಳಲ್ಲಿ ಡಾಕ್ಸೊರುಬಿಸಿನ್ ಅನ್ನು ಚೆಲ್ಲುವ ಪೊರೆಯು ಸಿದ್ಧವಾಯಿತು. ಥರ್ಮೋಡಾಕ್ಸ್ ಎಂಬ ಹೆಸರು ಪಡೆಯಿತು. ಯಕೃತ್ತಿನ ಕ್ಯಾನ್ಸರಿನಲ್ಲಿ ಗೆಡ್ಡೆಗೆ ಸೂಜಿ ಚುಚ್ಚಿ ರೇಡಿಯೊ ತರಂಗಗಳಿಂದ ಅದನ್ನು ಸುಡುವ ಚಿಕಿತ್ಸೆಯೊಂದುಂಟು. ಸುಟ್ಟ ಭಾಗದ ಅಂಚಿನಲ್ಲಿ, ಬೆಚ್ಚಗಾಗಿದ್ದರೂ ಸಾಯದೆ ಉಳಿದ ಕೋಶಗಳಿಂದಲೇ ರೋಗವು ಮರುಕಳಿಸುವುದರಿಂದ, ಆ ಅಂಚಿನಲ್ಲಿಯೇ ಗುಳ್ಳೆಗಳು ಕರಗುವುವೆಂಬ ತರ್ಕವು ನಿರ್ದುಷ್ಟವಾಗಿ ತೋರಿತು. 701 ರೋಗಿಗಳ ಮೊದಲ ಪರೀಕ್ಷೆಯು ಉದ್ದೇಶಿತ ಫಲವನ್ನು ಮುಟ್ಟಲಿಲ್ಲವೆಂದು 2013ರಲ್ಲಿ ತಿಳಿಯಿತು. ಅಂಕಿಅಂಶಗಳನ್ನು ಮತ್ತೆ ಶೋಧಿಸಿದಾಗ, 45 ನಿಮಿಷಗಳಿಗಿಂತ ಹೆಚ್ಚು ಕಾಲ ಶಾಖ ಪಡೆದವರಲ್ಲಿ ಗುಣ ಕಂಡಂತೆ ತೋರಿದುದರಿಂದ, ಹಾಗೆಯೇ ಕಾಯಿಸುವ ನಿಯಮವಿಟ್ಟು 556 ರೋಗಿಗಳಲ್ಲಿ ಎರಡನೆಯ ಪರೀಕ್ಷೆ ನಡೆಯಿತು. 2020ರಲ್ಲಿ ಅದೂ ನಿರಾಶೆಯಲ್ಲಿ ಮುಗಿಯಿತು. ಕಣವು ಪ್ರಯೋಗಶಾಲೆಯಲ್ಲಿ ಮಾಡಿದುದನ್ನೇ ಮಾಡಿರಬಹುದು. ಆದರೆ ನಾಡಿಗೊಂದು ಬಗೆಯ ರಕ್ತಪ್ರವಾಹ, ಗೆಡ್ಡೆಗೊಂದು ಬಗೆಯ ಆಕಾರ, ವೈದ್ಯನಿಗೊಂದು ಬಗೆಯ ಕೈಚಳಕ ಇರುವ ಕಡೆ, ಒಂದು ಡಿಗ್ರಿ ಶಾಖವನ್ನು ನೆಚ್ಚಿದ ಯಂತ್ರವು ಎಷ್ಟು ನಾಜೂಕಾದುದೆಂಬುದು ಸ್ಪಷ್ಟವಾಯಿತು. ಈ ಸಾವಿರಕ್ಕೂ ಮಿಕ್ಕ ರೋಗಿಗಳು ತಮ್ಮ ದೇಹವನ್ನು ಒಪ್ಪಿಸಿ ಕಲಿಸಿದ ಪಾಠವನ್ನು, ಇಲಿಗಳ ಮೇಲಿನ ಮತ್ತೊಂದು ಸುಂದರ ಚಿತ್ರದ ಸಂಭ್ರಮದಲ್ಲಿ ಮರೆಯುವುದು ಅವರಿಗೆ ಮಾಡುವ ಅನ್ಯಾಯ.

ಇದಕ್ಕಿಂತಲೂ ಮೂಲಭೂತವಾದ ಸಂಶಯವು ಬೇರೆ ದಿಕ್ಕಿನಿಂದ ಬಂದಿತು. ಜಪಾನಿನ ಕುಮಾಮೋಟೊದಲ್ಲಿ ಮಾತ್ಸುಮುರಾ ಮತ್ತು ಮಾಯೆದಾ ಎಂಬವರು 1986ರಲ್ಲಿ, ಗೆಡ್ಡೆಯ ರಕ್ತನಾಳಗಳು ಸೋರುವ ಸ್ವಭಾವದವಾದುದರಿಂದ ದೊಡ್ಡ ಅಣುಗಳು ಅಲ್ಲಿ ತಾವಾಗಿಯೇ ಸಂಗ್ರಹವಾಗುವುವೆಂದು ತೋರಿಸಿದ್ದರು. 1995ರಲ್ಲಿ ಅನುಮತಿ ಪಡೆದ, ಡಾಕ್ಸೊರುಬಿಸಿನ್ ತುಂಬಿದ ಲೈಪೊಸೋಮಾದ ಡಾಕ್ಸಿಲ್ ಮೊದಲ್ಗೊಂಡು ಗೆಡ್ಡೆಗಳಿಗೆ ಕೊಡುವ ನ್ಯಾನೊ ಔಷಧಗಳಲ್ಲಿ ಬಹುಪಾಲು ಈ ಸೋರಿಕೆಯನ್ನೇ ನೆಚ್ಚಿ ನಿಂತಿದ್ದುವು. ಟೊರೊಂಟೊದ ವಾರೆನ್ ಚಾನ್ ಅವರ ತಂಡವು ಹತ್ತು ವರ್ಷಗಳ ಪ್ರಕಟಣೆಗಳನ್ನು ಜಾಲಾಡಿ 2016ರಲ್ಲಿ ಹೇಳಿದುದೇನೆಂದರೆ, ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗೆಡ್ಡೆಯನ್ನು ಸೇರುವುದು, ಮಧ್ಯಮ ಲೆಕ್ಕದಲ್ಲಿ, ನೂರಕ್ಕೆ 0.7 ಮಾತ್ರ. ಉಳಿದುವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳ ಭಕ್ಷಕಕೋಶಗಳು ನುಂಗಿಬಿಡುತ್ತವೆ. ನಾಲ್ಕು ವರ್ಷಗಳ ಅನಂತರ ಅದೇ ತಂಡ, ನಾಳಗಳಲ್ಲಿ ಬಿರುಕುಗಳು ವಿರಳವೆಂದೂ, ಒಳಹೊಗುವ ಕಣಗಳಲ್ಲಿ ಬಹುಪಾಲು ನಾಳದ ಗೋಡೆಯ ಕೋಶಗಳ ಮೂಲಕವೇ ದಾಟುವುವೆಂದೂ ತೋರಿಸಿತು. ಈ ಲೆಕ್ಕದ ಕ್ರಮವನ್ನು ಆಕ್ಷೇಪಿಸಿದವರೂ ಉಂಟು. ವಾಹನವಿಲ್ಲದೆ ಕೊಟ್ಟ ಔಷಧವೂ ಅಷ್ಟೇನೂ ಹೆಚ್ಚಾಗಿ ಗೆಡ್ಡೆಯನ್ನು ಸೇರುವುದಿಲ್ಲವೆಂಬ ಅವರ ವಾದದಲ್ಲಿ ಹುರುಳಿದೆ. ಆದರೂ ಬಾಗಿಲವರೆಗೆ ಬಾರದ ಕಣಕ್ಕೆ ಬಾಗಿಲಲ್ಲಿ ತೆರೆದುಕೊಳ್ಳುವ ಜಾಣ್ಮೆಯಿಂದ ಏನು ಲಾಭವೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇಲಿಯ ಗೆಡ್ಡೆ ಕೆಲವೇ ವಾರಗಳಲ್ಲಿ ಉಬ್ಬಿ ನಿಲ್ಲುವಂಥದು. ಮನುಷ್ಯನದು ವರ್ಷಗಳ ಕಾಲ ನಾರುಗಟ್ಟಿ ಬೆಳೆಯುವಂಥದು. ಒಂದರ ನಾಳಗಳನ್ನು ನೋಡಿ ಮತ್ತೊಂದರ ಬಗೆಗೆ ಭರವಸೆ ಕೊಡುವುದು ಸಾಹಸವೇ ಸರಿ.

ಹಾಗಾದರೆ ಸ್ಪಂದಿಸುವ ಕಣವೆಂಬುದು ಬರಿಯ ಕನಸೇ ಎಂದು ಕೇಳುವವರಿಗೆ, ನಿಮ್ಮ ತೋಳಿನಲ್ಲಿಯೇ ಅದು ಗೆದ್ದಿರಬಹುದೆಂದು ಉತ್ತರ ಕೊಡಬೇಕಾಗುತ್ತದೆ. ಕೋವಿಡ್ ವಿರುದ್ಧ ಫೈಜರ್ ಮತ್ತು ಮಾಡರ್ನಾ ಸಂಸ್ಥೆಗಳು ತಂದ ಎಂಆರ್‌ಎನ್‌ಎ ಲಸಿಕೆಗಳಲ್ಲಿ, ನಮ್ಮ ದೇಶದಲ್ಲಿ ಅವು ಬಳಕೆಗೆ ಬರದಿದ್ದರೂ ಪರದೇಶಗಳಲ್ಲಿರುವ ನಮ್ಮವರು ಎಷ್ಟೋ ಮಂದಿ ಅವನ್ನೇ ಹಾಕಿಸಿಕೊಂಡವರು, ಆರ್‌ಎನ್‌ಎಯನ್ನು ಹೊತ್ತ ಕೊಬ್ಬಿನ ಅಣುಗಳು ರಕ್ತದ ಪಿಎಚ್‌ನಲ್ಲಿ ವಿದ್ಯುದಂಶವಿಲ್ಲದೆ ಸೌಮ್ಯವಾಗಿರುವುವು. ಕೋಶದ ಒಳಚೀಲದ ಹುಳಿಯಲ್ಲಿ ಧನಾಂಶ ತಳೆದು, ಆ ಚೀಲದ ಋಣಾಂಶದ ಪೊರೆಯನ್ನು ಕದಡಿ, ಹೊತ್ತ ಸರಕನ್ನು ಹೊರಕ್ಕೆ ಬಿಡುವುವು. 2018ರಲ್ಲಿ ಅನುಮತಿ ಪಡೆದ ಪಟಿಸಿರಾನ್ ಎಂಬ ಔಷಧದಲ್ಲಿಯೂ ಇದೇ ಉಪಾಯ. ಎರಡು ಬಂಧ, ಮೂರು ಪೊರೆ, ಒಂದು ಅಯಸ್ಕಾಂತ, ಮೇಲೊಂದು ಪ್ರತಿಕಾಯ ಎಂದು ಹೇರುತ್ತ ಹೋಗುವ ಕಣಗಳ ಮಧ್ಯೆ, ಒಂದೇ ಗುಣವನ್ನು ಒಂದೇ ಕೆಲಸಕ್ಕೆ ನಿಯೋಗಿಸಿದ ಈ ಸರಳ ಅಣುವೇ ಕೋಟ್ಯಂತರ ಜನರನ್ನು ತಲಪಿತು. ಕಣಕ್ಕೆ ಸೇರಿಸಿದ ಪ್ರತಿಯೊಂದು ಅಂಗವೂ ಕಾರ್ಖಾನೆಯಲ್ಲಿ ಒಂದೇ ಸಮನೆ ತಯಾರಾಗಬೇಕು, ಶೀತಲಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯಬೇಕು, ರಕ್ತದ ಪ್ರೋಟೀನುಗಳು ಮುತ್ತಿಕೊಂಡಾಗಲೂ ತನ್ನ ಗುಣವನ್ನು ಬಿಡಬಾರದು. ಆದುದರಿಂದ ಮುಂದಿನ ಕೆಲಸಗಳು ಪ್ರಮಾಣ ಮತ್ತು ಕ್ರಮಗಳ ನಿಖರತೆಯನ್ನು ಮೊದಲು ಸಾಧಿಸಿ, ಸ್ಪಂದನವನ್ನು ಕೋಶದೊಳಗಿನ ಒಂದೇ ನಿಶ್ಚಿತ ಚಿಹ್ನೆಗೆ ಕಟ್ಟುವುದು ವಿಹಿತವೆಂದು ನನಗೆ ದೃಢವಾಗಿ ತೋರುತ್ತದೆ.

ನಮ್ಮ ದೇಶದ ಮಟ್ಟಿಗೆ ಈ ಸರಳತೆಯ ಮಾತಿಗೆ ಇನ್ನೊಂದು ಅರ್ಥವೂ ಇದೆ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್‌ನ ಅಭಾವ ತಲೆದೋರಿದಾಗ, ಅಲ್ಲಿನ ನಿಯಂತ್ರಣ ಸಂಸ್ಥೆಯು ಭಾರತದ ಸನ್ ಫಾರ್ಮಾ ತಯಾರಿಸುವ ಲೈಪೊಡಾಕ್ಸ್ ಅನ್ನು ತಾತ್ಕಾಲಿಕವಾಗಿ ತರಿಸಿಕೊಳ್ಳಲು ಒಪ್ಪಿತು. ಮರುವರ್ಷ ಅದೇ ಕಂಪನಿಯ ಲೈಪೊಸೋಮ್ ಡಾಕ್ಸೊರುಬಿಸಿನ್‌ಗೆ ಶಾಶ್ವತ ಅನುಮತಿಯನ್ನೂ ಇತ್ತಿತು. ಕೊಬ್ಬಿನ ಗುಳ್ಳೆಯನ್ನು ಗಾತ್ರ ತಪ್ಪದಂತೆ, ಸೋರದಂತೆ ಕಟ್ಟುವ ವಿದ್ಯೆ ನಮ್ಮಲ್ಲಿ ಇದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮುಂದೆ ಬೀದರ, ರಾಯಚೂರು, ಚಾಮರಾಜನಗರಗಳಿಂದ ರಾತ್ರಿಯ ಬಸ್ಸು ಹಿಡಿದು ಬಂದು, ಕೀಮೊ ಸರದಿಗಾಗಿ ಬುತ್ತಿಯ ಗಂಟಿನೊಡನೆ ಕಾಯುವ ಮನೆಮಂದಿಯನ್ನು ಕಂಡವರಿಗೆ, ಹೊಸ ವಾಹನದಲ್ಲಿ ಬರುವ ಹಳೆಯ ಮದ್ದಿನ ಬೆಲೆ ಎಷ್ಟೆಂಬ ಪ್ರಶ್ನೆಯು ವಿಜ್ಞಾನದಿಂದ ಹೊರತಾದುದೆಂದು ತೋರಲಾರದು.

ಯಾರ ಗೆಡ್ಡೆಗೆ ಕಣವು ನುಸುಳಬಲ್ಲುದೆಂಬುದನ್ನು ಮೊದಲೇ ತಿಳಿಯುವ ಮಾರ್ಗವೊಂದು ಈಚೆಗೆ ಕಾಣತೊಡಗಿದೆ. ಮೇದೋಜೀರಕದ ಕ್ಯಾನ್ಸರಿಗೆ 2015ರಿಂದ ಬಳಕೆಯಲ್ಲಿರುವ ಐರಿನೊಟೆಕನ್ ಲೈಪೊಸೋಮ್ ಅನ್ನು ಕೆಲವು ರೋಗಿಗಳಿಗೆ ಕೊಡುವ ಮುನ್ನ, ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ನ್ಯಾನೊಕಣಗಳನ್ನು ಚುಚ್ಚಿ, ಎಂಆರ್‌ಐ ಯಂತ್ರದಲ್ಲಿ ಗೆಡ್ಡೆಗಳ ಚಿತ್ರ ತೆಗೆದರು. ಕಬ್ಬಿಣವು ಹೆಚ್ಚಾಗಿ ನೆಲಸಿದ ಗೆಡ್ಡೆಗಳೇ ಆಮೇಲೆ ಔಷಧಕ್ಕೆ ಹೆಚ್ಚಾಗಿ ಕುಗ್ಗಿದುವೆಂದು 2017ರಲ್ಲಿ ವರದಿಯಾಯಿತು. ಒಬ್ಬನೇ ರೋಗಿಯ ಯಕೃತ್ತಿನಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಗೆಡ್ಡೆಗಳಲ್ಲಿ ಒಂದು ಚಿತ್ರದಲ್ಲಿ ಕಪ್ಪಾಗಿ ತೋರಿ, ಇನ್ನೊಂದು ಬಿಳಿಯಾಗಿಯೇ ಉಳಿಯಬಹುದು. ಬಿಳಿಯಾಗಿ ಉಳಿದುದಕ್ಕೆ ಎಂಥ ಸ್ಪಂದನಶೀಲ ಕಣವನ್ನು ಕಳುಹಿಸಿದರೂ ಅದು ಹೊರಗೆಯೇ ನಿಲ್ಲುವ ಸಂಭವ ಹೆಚ್ಚು. ಆ ರೋಗಿಗೆ ಬೇರೆ ದಾರಿಯನ್ನು, ಒಂದು ತಿಂಗಳ ವಿಷಸೇವನೆ ವ್ಯರ್ಥವಾಗುವ ಮೊದಲೇ, ಅದೇ ದಿನ ಹುಡುಕತೊಡಗಬಹುದು.